ಕಣ್ಣು ಮುಚ್ಚುವ ಅಜ್ಜಿಯೂ ಬಿಸ್ಕತ್ತಿನ ಡಬ್ಬಿಯೂ

ಒಂದಾನೊಂದು ಕಾಲದಲ್ಲಿ, ಕಿಟಕಿ ಎಂಬುದನ್ನು ಇನ್ನೂ ಯಾರೂ ಕಂಡುಹಿಡಿಯದೆ ಇದ್ದಾಗ, ಬೆಳಕಿಗೆ ಭಾರೀ ಅವಸರವಿತ್ತಂತೆ. ಬೆಳಗಾದರೆ ಸಾಕು, ತೆರೆದ ಬಾಗಿಲುಗಳಿಂದೆಲ್ಲ ದಡಬಡ ಒಳಗೆ ನುಗ್ಗುವುದು, ಪಾತ್ರೆ ಪಡಗ, ಮಂಚ, ಮಕ್ಕಳು ಮರಿ ಎಲ್ಲವನ್ನೂ ಒಂದು ಸುತ್ತು ಮುಟ್ಟುವುದು, ಯಾರ ಮುಖವನ್ನೂ ನೆಟ್ಟಗೆ ನೋಡದೆ ಸಂಜೆಗೆ ಹೊರಟುಬಿಡುವುದು. ಆ ಊರಿನ ಕೊನೆಯ ಮನೆಯಲ್ಲಿ ಒಬ್ಬಳು ಮುದುಕಿಯಿದ್ದಳು. ಬೆಳಕು ಬಂತೆಂದರೆ ಅವಳು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುವಳು. ದಿನಾ ಹೀಗೇ. ಕೊನೆಗೆ ಬೆಳಕಿಗೆ ಅವಮಾನವಾಯಿತು. ಊರಿನವರ ಕಣ್ಣೆಲ್ಲ ಕಂಡಿದ್ದೇನೆ, ಈ ಮುದುಕಿಯ ಕಣ್ಣಿನ ಬಣ್ಣ ಮಾತ್ರ ನನಗೆ ಗೊತ್ತಿಲ್ಲವಲ್ಲ ಎಂದು ಅದು ಹಟ ಹಿಡಿದು ಕೂತಿತು.

ಉಳಿದ ಕಥೆ ಆಮೇಲೆ. ನನಗೂ ಅದು ಆಮೇಲೆಯೇ ಸಿಕ್ಕಿದ್ದು.

ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಯಾವ ಫೋಟೋದಲ್ಲೂ ಕಣ್ಣು ತೆರೆದವಳಲ್ಲ. ಮದುವೆಯ ಫೋಟೋದಲ್ಲಿ ಅಜ್ಜ ಎದೆಯುಬ್ಬಿಸಿ ನಿಂತಿದ್ದಾನೆ, ಪಕ್ಕದಲ್ಲಿ ಅಜ್ಜಿ ನಿಂತಲ್ಲೇ ನಿದ್ದೆ ಹೋದಂತಿದ್ದಾಳೆ. ಗುರುತಿನ ಚೀಟಿಗೆ ಫೋಟೋ ತೆಗೆದ ಗುಮಾಸ್ತ ಮೂರು ಸಲ ಸೋತು, ನಾಲ್ಕನೆಯದನ್ನು ನೋಡದೆಯೇ ಅಂಟಿಸಿ ಕೈತೊಳೆದುಕೊಂಡಿದ್ದಾನೆ. ನಾನು ಹುಟ್ಟಿದ ಮರುದಿನ ನನ್ನನ್ನು ಮಡಿಲಲ್ಲಿಟ್ಟುಕೊಂಡು ತೆಗೆಸಿಕೊಂಡ ಫೋಟೋ ಒಂದಿದೆ. ಅದರಲ್ಲಿ ಒಂದು ದಿನದ ಕೂಸು ನಾನೇ ಕಣ್ಣು ಬಿಟ್ಟಿದ್ದೇನೆ, ಅವಳು ಬಿಟ್ಟಿಲ್ಲ.

"ಕ್ಯಾಮೆರಾ ಕಂಡ್ರೆ ನನ್ನ ರೆಪ್ಪೆ ನನ್ನ ಮಾತು ಕೇಳಲ್ಲ ಕಣೇ," ಎನ್ನುತ್ತಾಳೆ ಅಜ್ಜಿ. ಅವಳು ಆರು ವರ್ಷದವಳಿದ್ದಾಗ ಶಾಲೆಗೆ ಬಂದ ಫೋಟೋದವನ ಬಲ್ಬು ಅವಳ ಮೂಗಿನ ಮುಂದೆಯೇ ಟಪ್ಪೆಂದು ಒಡೆದಿತ್ತಂತೆ. ಅಂದು ಮುಚ್ಚಿದ್ದು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಜ್ಜನ ಫೋಟೋ ಇದೆ. ಅದರ ಪಕ್ಕ ಹನ್ನೊಂದು ವರ್ಷದಿಂದ ಒಂದು ಖಾಲಿ ಮೊಳೆ. ಅಜ್ಜ ಹೋದಾಗ ಅಪ್ಪ ಒಂದೇ ಅಳತೆಯ ಎರಡು ಚೌಕಟ್ಟು ತಂದಿದ್ದ. ಒಂದು ಗೋಡೆಗೆ ಹೋಯಿತು, ಇನ್ನೊಂದನ್ನು ಅಜ್ಜಿ ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿಗೆ ತಳ್ಳಿದಳು. ಅಜ್ಜ ಫೋಟೋದಲ್ಲಿ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಾನೆ, ಸರಿಯಾಗಿ ಆ ಮೊಳೆಯ ಕಡೆಗೆ.

"ನಲವತ್ತು ವರ್ಷ ನನ್ನ ಗೊರಕೆ ಕೇಳಿ ಅವರಿಗೆ ಸಾಕಾಗಿದೆ," ಎಂದಿದ್ದಳು ಅಜ್ಜಿ. "ಗೋಡೆ ಮೇಲೂ ಮಲಗಿರೋಳನ್ನೇ ನೋಡ್ಕೊಂಡಿರ್ಬೇಕಾ? ಕಣ್ಣು ಬಿಟ್ಟಿರೋದು ಒಂದು ಸಿಕ್ಕಾಗ ಹಾಕಿ. ಅಲ್ಲೀವರೆಗೆ ಮೊಳೆ ಇರ್ಲಿ."

ಈ ಮೊಳೆಗೂ ನನ್ನ ಓದಿಗೂ ಗಂಟು ಬಿದ್ದದ್ದು ಹೀಗೆ. ನಾನು ಚಿತ್ರಕಲಾ ಕಾಲೇಜಿಗೆ ಸೇರಿದ ವರ್ಷ. ಮೊದಲ ವರ್ಷ ಎಲ್ಲರಿಗೂ ಎಲ್ಲವೂ. ವರ್ಷದ ಕೊನೆಗೆ ಚಿತ್ರವೋ ಶಿಲ್ಪವೋ ಫೋಟೋವೋ ಎಂದು ಫಾರಂ ತುಂಬಿ, ಮನೆಯವರ ಸಹಿ ಹಾಕಿಸಿ ಕೊಡಬೇಕು. ನನಗೆ ಫೋಟೋ ಬೇಕಿತ್ತು. ಕನ್ನಡಕದ ಅಂಗಡಿ ಇಟ್ಟಿರುವ ನಮ್ಮಪ್ಪನಿಗೆ ಅದು ಸುತರಾಂ ಬೇಡವಾಗಿತ್ತು.

"ಚಿತ್ರ ಬರೆಯೋದು ವಿದ್ಯೆ. ಫೋಟೋ ಎಲ್ಲರ ಜೇಬಲ್ಲೂ ಇದೆ. ಅದನ್ನ ಮೂರು ವರ್ಷ ಕೂತು ಕಲಿಯೋದೇನು?"

"ಎಲ್ಲರ ಜೇಬಲ್ಲೂ ಇದೆಯಾ?" ಎಂದಳು ಅಜ್ಜಿ, ಗುಂಡಿ ಹೊಲಿಯುತ್ತಿದ್ದವಳು ದಾರ ಕಚ್ಚಿ ತುಂಡರಿಸಿ. "ಹಾಗಾದ್ರೆ ಯಾರ ಜೇಬಿಂದಾದ್ರೂ ನಾನು ಕಣ್ಣು ಬಿಟ್ಟಿರೋದು ಒಂದು ತೆಗೆದು ತೋರ್ಸೋ, ನೋಡೋಣ."

ಅಪ್ಪ ತನ್ನ ಅಂಗಿಯ ಜೇಬು ಮುಟ್ಟಿಕೊಂಡ.

"ನಮ್ಮ ಮಬ್ಬು ತೆಗೀಲಿ. ತೆಗೆದ್ರೆ ಅವಳಿಷ್ಟ. ತೆಗೀದೆ ಇದ್ರೆ ನಿನ್ನಿಷ್ಟ. ಆಯ್ತಾ?" ಎಂದಳು ಅಜ್ಜಿ.

ಮಬ್ಬು ಅಂದರೆ ನಾನು. ದಾರಿಯಲ್ಲಿ ನಡೆಯುತ್ತ ನಡೆಯುತ್ತ ಬಾಯಿ ತೆರೆದು ಗೋಡೆ ನೋಡುತ್ತ ನಿಂತುಬಿಡುವ ನನ್ನ ಅಭ್ಯಾಸಕ್ಕೆ ಮನೆಯವರು ಒಮ್ಮತದಿಂದ ಇಟ್ಟ ಹೆಸರು. "ತೆಗೀತೀನಿ ಅಜ್ಜಿ," ಎಂದು ಮಬ್ಬು ಅಲ್ಲೇ ಮಾತು ಕೊಟ್ಟುಬಿಟ್ಟಳು.

"ಎರಡು ಕರಾರು," ಎಂದು ಅಜ್ಜಿ ಬೆರಳೆತ್ತಿದಳು. "ಕದ್ದು ತೆಗೀಬಾರ್ದು. ನಾನು ಕೂತಿರ್ಬೇಕು, ನೀನು ಹೇಳಿ ತೆಗೀಬೇಕು. ಇನ್ನೊಂದು, ನೋಡಿದ್ರೆ ನಾನೇ ಅನ್ನಿಸ್ಬೇಕು."

ಅಪ್ಪ ಖುಷಿಯಿಂದಲೇ ಒಪ್ಪಿದ. ಅರವತ್ತೈದು ವರ್ಷ ಆಗದಿದ್ದದ್ದು ಒಂದು ವರ್ಷದಲ್ಲಿ ಆಗುವುದಿಲ್ಲ ಎಂಬ ಧೈರ್ಯ ಅವನಿಗೆ.

ಆ ಧೈರ್ಯ ಸುಳ್ಳೇನೂ ಆಗಿರಲಿಲ್ಲ. ಕಾಲೇಜಿನ ಕ್ಯಾಮೆರಾ ಎರವಲು ತಂದೆ. ಒಂದು, ಎರಡು, ಮೂರು ಎಂದು ಎಣಿಸಿ ಒತ್ತಿದೆ, ಮೂರಕ್ಕೆ ಮುಚ್ಚಿದಳು. ಎರಡಕ್ಕೇ ಒತ್ತಿದೆ, ಒಂದಕ್ಕೇ ಮುಚ್ಚಿದಳು. ಕಣ್ಣು ಮುಚ್ಚಿ ಕೂತಿರು, ನಾನು ಹೇಳಿದ ತಕ್ಷಣ ತೆರೆ ಎಂದೆ. ತೆರೆಯುವ ಹೊತ್ತಿಗೆ ರೆಪ್ಪೆ ನಡುಗಿ ಮತ್ತೆ ಬಿತ್ತು. ಮೊಬೈಲಿನಲ್ಲಿ ಒಂದೇ ಉಸಿರಿಗೆ ನಲವತ್ತು ತೆಗೆದೆ. ಮೂವತ್ತೊಂಬತ್ತು ಮುಚ್ಚಿದ್ದವು, ಒಂದು ತೆರೆದಿತ್ತು! ಓಡಿಹೋಗಿ ತೋರಿಸಿದೆ.

ಅಜ್ಜಿ ಬಹಳ ಹೊತ್ತು ನೋಡಿದಳು. "ಯಾರೇ ಇವಳು? ಅಂಗಡೀಲಿ ಸೋಪು ಕದ್ದು ಸಿಕ್ಕಿಬಿದ್ದೋಳ ಹಾಗಿದಾಳೆ. ನಾನಲ್ಲಪ್ಪ."

ನಿಜ ಹೇಳಬೇಕೆಂದರೆ, ಅದು ಅವಳಾಗಿರಲಿಲ್ಲ.

ಹೀಗೆ ಎಂಟು ತಿಂಗಳು ಕಳೆಯಿತು. ಒಂದು ದಿನ ಕಾಲೇಜಿನಲ್ಲಿ ಫೋಟೋ ಮೇಡಂ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ, ಒಂದು ಕಾಗದದಲ್ಲಿ ಮಾತ್ರ ಅಂಗಿಗುಂಡಿಯಷ್ಟು ತೂತು ಮಾಡಿ ಬಾಗಿಲು ಮುಚ್ಚಿದರು. ಏನೂ ಕಾಣಲಿಲ್ಲ. "ಮೇಡಂ, ಕರೆಂಟು ಹೋಗಿದೆ," ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. "ಕಾಯಿರಿ," ಎಂದರು ಮೇಡಂ. "ಕಣ್ಣಿಗೂ ಸ್ವಲ್ಪ ಟೈಮ್ ಕೊಡಿ."

ಎರಡು ನಿಮಿಷವಾಗಿರಬೇಕು. ಎದುರಿನ ಗೋಡೆಯ ಮೇಲೆ ನಿಧಾನವಾಗಿ ಬೀದಿ ಮೂಡಿತು, ತಲೆಕೆಳಗಾಗಿ. ಮೇಲೆ ರಸ್ತೆ, ಕೆಳಗೆ ಆಕಾಶ. ಸೂರಿಗೆ ಚಕ್ರ ತಗುಲಿಸಿಕೊಂಡು ಬಸ್ಸೊಂದು ಹೋಯಿತು. ಒಬ್ಬ ಮನುಷ್ಯ ಕಾಲು ಮೇಲೆ ಮಾಡಿಕೊಂಡು, ಕೊಡೆಯನ್ನು ಕೆಳಕ್ಕೆ ಹಿಡಿದು ಸಾವಕಾಶ ನಡೆದುಹೋದ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯೊಂದರೊಳಗೆ ಯಾರೋ ನನ್ನನ್ನು ಎತ್ತಿಹಾಕಿದಂತಾಯಿತು. ಪಕ್ಕದ ಗೆಳತಿ ನನ್ನ ಗಲ್ಲ ಹಿಡಿದು ಬಾಯಿ ಮುಚ್ಚಿಸಿದಳು.

"ಈ ಎರಡು ನಿಮಿಷದಲ್ಲಿ ಎಷ್ಟು ಸಲ ಕಣ್ಣು ಮಿಟುಕಿಸಿದ್ರಿ?" ಎಂದು ಕತ್ತಲಲ್ಲಿ ಮೇಡಂ ಧ್ವನಿ ಕೇಳಿತು. "ಸುಮಾರು ಮೂವತ್ತು ಸಲ. ಮೂವತ್ತು ಸಲ ನಿಮ್ಮ ಜಗತ್ತು ಆರಿಹೋಗಿ ಮತ್ತೆ ಹೊತ್ತಿಕೊಳ್ತು. ಒಬ್ಬರಾದ್ರೂ ಕಂಡ್ರಾ? ಇಲ್ಲ. ಮನಸ್ಸು ಅದಕ್ಕೆ ತೇಪೆ ಹಾಕಿಬಿಡುತ್ತೆ."

ಹೋಂವರ್ಕ್ ಕೊಟ್ಟರು. ಬೆಳಕು ನುಸುಳದ ಒಂದು ಡಬ್ಬಿಗೆ ಒಂದೇ ಒಂದು ತೂತು ಮಾಡಿ, ಒಳಗೆ ಫೋಟೋ ಪೇಪರ್ ಇಟ್ಟು, ಕ್ಯಾಮೆರಾ ಮಾಡಿಕೊಂಡು ಬನ್ನಿ.

ನಾನು ಮನೆಗೆ ಬಂದಾಗ ಅಜ್ಜಿ ಕನ್ನಡಕ ಕಳೆದುಕೊಂಡಿದ್ದಳು. ಕನ್ನಡಕದ ಅಂಗಡಿಯವನ ಮನೆಯಲ್ಲಿ ದಿನಕ್ಕೆರಡು ಸಲ ಕನ್ನಡಕ ಕಳೆಯುತ್ತದೆ. ಅವಳು ಮುಷ್ಟಿಯನ್ನು ಕಣ್ಣಿಗೆ ಹಿಡಿದು, ಬೆರಳುಗಳ ನಡುವಿನ ಸಣ್ಣ ಕಿಂಡಿಯಿಂದ ಔಷಧಿ ಬಾಟಲಿಯ ಚೀಟಿ ಓದುತ್ತಿದ್ದಳು. ಚಿಕ್ಕಂದಿನಿಂದ ನೋಡಿದ್ದೇನೆ, ಅದರಲ್ಲಿ ಏನಿದೆ ಎಂದು ಯೋಚಿಸಿಯೇ ಇರಲಿಲ್ಲ.

"ಅಜ್ಜಿ, ಹಾಗೆ ನೋಡಿದ್ರೆ ಕಾಣುತ್ತಾ?"

"ಹೂಂ ಮತ್ತೆ. ಕಿಂಡಿ ದೊಡ್ಡದಾದ್ರೆ ಬರೀ ಮಂಜು. ಚಿಕ್ಕದು ಮಾಡ್ದಷ್ಟೂ ಅಕ್ಷರ ಬರುತ್ತೆ. ನಿಮ್ಮಪ್ಪನ ಅಂಗಡೀಲೂ ಇದೆಯಲ್ಲೇ, ತೂತು ತೂತಿನ ಕಪ್ಪು ಬಿಲ್ಲೆ. ಕನ್ನಡಕ ಹಾಕಿದ್ರೆ ದೃಷ್ಟಿ ಸುಧಾರಿಸುತ್ತಾ ಅಂತ ಮೊದಲು ಅದ್ರಲ್ಲೇ ನೋಡೋದು."

ಕ್ಯಾಮೆರಾಕ್ಕೆ ಬಿಸ್ಕತ್ತಿನ ಡಬ್ಬಿ ಅವಳೇ ಕೊಟ್ಟಳು. ಎಷ್ಟೋ ವರ್ಷದಿಂದ ಅದರಲ್ಲಿ ಬಿಸ್ಕತ್ತು ಬಿಟ್ಟು ಉಳಿದದ್ದೆಲ್ಲ ಇತ್ತು: ಗುಂಡಿ, ಕೊಕ್ಕೆ, ದಾರದುಂಡೆ. ತೂತು ಮಾಡಲು ತನ್ನ ಅತಿ ಸಣ್ಣ ಸೂಜಿಯನ್ನೂ ಕೊಟ್ಟಳು. ಒಳಗೆಲ್ಲ ಕಪ್ಪು ಬಣ್ಣ ಬಳಿದು, ತೂತಿನ ಮೇಲೆ ಕಪ್ಪು ಟೇಪಿನ ಮುಚ್ಚಳ ಅಂಟಿಸಿದೆ.

ಅಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಗಾಜು ಎಲ್ಲಿ?"

"ಗಾಜಿಲ್ಲ ಅಪ್ಪ."

"ಗಾಜೇ ಇಲ್ವಾ? ಮೂವತ್ತು ವರ್ಷ ಗಾಜು ಉಜ್ಜಿ ಈ ಮನೆ ನಡೆಸಿದೀನಿ. ಹೊರಗಡೆ ಯಾರಿಗೂ ಹೇಳ್ಬೇಡ."

ಮೊದಲ ಫೋಟೋ ಎದುರಿನ ಟೈಲರ್ ಮಾಮನದು. ಅಂಗಡಿಯ ಬಾಗಿಲಲ್ಲಿ ಕೂತು, ನನ್ನತ್ತ ನೋಡುತ್ತಲೇ ಕೈಯಂದಾಜಿನಲ್ಲಿ ಅಂಗಿಗೆ ಕಾಜಾ ಹೊಲಿಯುತ್ತಿದ್ದರು. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಟೇಪು ಎತ್ತಿ, ನಾಲ್ಕು ನಿಮಿಷ ಕಾದು ಮುಚ್ಚಿದೆ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಅರ್ಧ ಬೀದಿಯೇ ನಡೆದುಹೋಗಿತ್ತು. ಕಾಲೇಜಿನ ಡಾರ್ಕ್‌ರೂಮಿನಲ್ಲಿ ತೊಳೆದು ತಂದ ಫೋಟೋದಲ್ಲಿ ಬೀದಿ ಖಾಲಿ! ಹೋದವರು ಬಂದವರು ಒಬ್ಬರೂ ಇಲ್ಲ. ಮಾಮ ಇದ್ದಾರೆ, ಆದರೆ ಸೂಜಿ ಹಿಡಿದ ಬಲಗೈ ಬರೀ ಹೊಗೆ. ಕಣ್ಣು ಮಾತ್ರ ತೆರೆದು, ಶಾಂತವಾಗಿ, ಬಟ್ಟೆಯ ಆಚೆಗೆ ನನ್ನನ್ನೇ ನೋಡುತ್ತಿವೆ.

ಫೋಟೋ ಕೈಯಲ್ಲಿ ಹಿಡಿದು ರಸ್ತೆ ದಾಟಿ ಕೇಳಿದೆ, "ಮಾಮ, ಅವತ್ತು ಕೂತಿದ್ದಾಗ ಕಣ್ಣು ಮಿಟುಕಿಸಿದ್ರಾ?"

"ಇದೊಳ್ಳೆ ಪ್ರಶ್ನೆ! ಮಿಟುಕಿಸ್ದೆ ಇರೋಕೆ ನಾನೇನು ಅಂಗಡಿ ಮುಂದಿನ ಬೊಂಬೆನಾ? ಎರಡು ಸಲ ಸೀನಿದ್ದೆ ಬೇರೆ."

ಸೀನು ಇರಲಿಲ್ಲ. ಮಿಟುಕೂ ಇರಲಿಲ್ಲ. ರೆಪ್ಪೆ ಬಿದ್ದು ಏಳುವುದು ಒಂದು ಚಿಟಿಕೆಯಷ್ಟು ಹೊತ್ತು. ನಾಲ್ಕು ನಿಮಿಷ ಕುಳಿತು ನೋಡುವ ಡಬ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ಮನೆಗೆ ಓಡಿದೆ. ಚಪ್ಪಲಿ ಟೈಲರ್ ಮಾಮನ ಅಂಗಡಿಯಲ್ಲೇ ಉಳಿಯಿತು.

"ಅಜ್ಜೀ! ನೀನು ಎಷ್ಟು ಬೇಕಾದ್ರೂ ಕಣ್ಣು ಮುಚ್ಚು! ಪರವಾಗಿಲ್ಲ!"

"ನನಗೆ ಅಪ್ಪಣೆ ಕೊಡೋಕೆ ಬರಿಗಾಲಲ್ಲಿ ಓಡಿಬಂದ್ಯಾ?" ಎಂದಳು.

ಹಿಂಬಾಗಿಲ ಮೆಟ್ಟಿಲಿನ ಮೇಲೆ ಬೆಳಿಗ್ಗೆ ಹತ್ತಕ್ಕೆ ನೆರಳಿನ ತಂಪು ಬೆಳಕು ಬೀಳುತ್ತದೆ. ಅಲ್ಲಿ ಕೂರಿಸಿದೆ. ಡಬ್ಬಿ ಕಂಡು ಅವಳಿಗೆ ಹೆದರಿಕೆಯೇ ಆಗಲಿಲ್ಲ. ಕ್ಲಿಕ್ ಇಲ್ಲ, ಮಿಂಚಿಲ್ಲ, ಗಾಜಿನ ಕಣ್ಣೂ ಇಲ್ಲ; ಎಷ್ಟೆಂದರೂ ತನ್ನದೇ ಗುಂಡಿ ಡಬ್ಬಿ. ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು, ಏನೂ ಆಗದ್ದು ಕಂಡು ತೆರೆದಳು. ಜೊತೆಗೆ ಬಾಯಿಯನ್ನೂ ತೆರೆದಳು. ನಾಲ್ಕು ನಿಮಿಷದಲ್ಲಿ ಒಂದು ನರಿಯ ಕಥೆ ಪೂರ್ತಿ ಹೇಳಿ ಮುಗಿಸಿದಳು.

ಫೋಟೋದಲ್ಲಿ ಎರಡು ಕಣ್ಣೂ ತೆರೆದಿದ್ದವು. ಮೂಗಿನ ಕೆಳಗೆ ಏನೂ ಇರಲಿಲ್ಲ.

"ಕಣ್ಣು ಕೊಟ್ಟು ಬಾಯಿ ಕಿತ್ಕೊಂಡ್ಯಲ್ಲೇ!"

"ಇದನ್ನೇ ಹಾಕೋಣ," ಎಂದ ಅಪ್ಪ. "ಮನೆ ಶಾಂತವಾಗಿರುತ್ತೆ."

ಎರಡನೇ ಸಲ ಮಾತಾಡಬೇಡ ಎಂದೆ. ಮಾತಾಡಲಿಲ್ಲ, ಒಂದು ನಿಮಿಷಕ್ಕೆ ನಿದ್ದೆ ಹೋದಳು. ಮಾತು, ನಿದ್ದೆ ಎರಡೇ ಅವಳಿಗೆ ಗೊತ್ತಿದ್ದದ್ದು, ನಡುವಿನದು ಏನೂ ಗೊತ್ತಿಲ್ಲ. ಆ ಫೋಟೋ ಮಾತ್ರ ಅದ್ಭುತವಾಗಿ ಬಂತು, ಒಂದೊಂದು ರೆಪ್ಪೆಗೂದಲೂ ಎಣಿಸಬಹುದಿತ್ತು. ಅಪ್ಪ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡ.

ಮೂರನೇ ಸಲ, ಎಚ್ಚರವಾಗಿರಲೆಂದು, ನಾನೇ ಕಥೆ ಹೇಳಿದೆ. ಅವಳದೇ ಕಥೆ, ಅವಳಿಂದಲೇ ನೂರು ಸಲ ಕೇಳಿದ್ದು. "ಆ ಮರದಲ್ಲಿ ಒಂದು ಕಾಗೆ ಇತ್ತಂತೆ..." ಎನ್ನುತ್ತಿದ್ದ ಹಾಗೆ ಅವಳು ಧಡಕ್ಕನೆ ಮುಂದೆ ಬಾಗಿ, "ಕಾಗೆ ಅಲ್ವೇ, ಗೂಬೆ! ಕಾಗೆ ಯಾಕೆ ಬರುತ್ತೆ ಅಲ್ಲಿ?" ಎಂದಳು. ಪೇಪರ್ ಹಾಳಾಯಿತು.

ಉಳಿದದ್ದು ಒಂದು ಹಾಳೆ. ಫಾರಂ ಕೊಡಲು ಇನ್ನು ಎರಡೇ ದಿನ. ಮರುದಿನ ಬೆಳಿಗ್ಗೆ ಅಪ್ಪ ಪಾಪ ಅಂಗಡಿಗೆ ಹೋಗುವ ಮುಂಚೆ, "ಚಿತ್ರದಲ್ಲೂ ನಿನ್ನ ಕೈ ಚೆನ್ನಾಗೇ ಇದೆ ಮಗಳೇ," ಎಂದು ಮೆತ್ತಗೆ ಹೇಳಿ ಹೋದ. ಅವನು ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಅಜ್ಜಿಗೆ ಗೊತ್ತಿಲ್ಲದ ಕಥೆ ಬೇಕಿತ್ತು. ನನಗೆ ಗೊತ್ತಿದ್ದ ಕಥೆಗಳೆಲ್ಲ ಅವಳವೇ. ಹಿಂಬಾಗಿಲು ಮುಚ್ಚಿಕೊಂಡು ನೆಲದ ಮೇಲೆ ಕೂತೆ. ಬಾಗಿಲ ಹಲಗೆಯಲ್ಲಿ ಹಳೆಯ ಚಿಲಕದ ಒಂದು ತೂತಿದೆ. ಅದರಿಂದ ಬಂದ ಬೆಳಕು ನನ್ನ ಪಾದದ ಮೇಲೆ ಪುಟ್ಟ ಬಿಲ್ಲೆಯಾಗಿ ಬಿದ್ದಿತ್ತು, ಎಲ್ಲಿಂದಲೋ ನಡೆದು ಬಂದು ಸುಸ್ತಾಗಿ ಕೂತ ಹಾಗೆ. ಅದನ್ನೇ ನೋಡುತ್ತ ಕೂತೆ. ಅಡುಗೆಮನೆಯಿಂದ ಅಮ್ಮ, "ಮಬ್ಬೂ, ಹತ್ತು ಗಂಟೆಯಾಯ್ತು!" ಎಂದು ಕೂಗಿದಾಗ ಎದ್ದೆ.

ಅಜ್ಜಿ ಮೆಟ್ಟಿಲಿನ ಮೇಲೆ ಕೂತಳು. ಗಡಿಯಾರವನ್ನು ಮೊಣಕಾಲ ಮೇಲಿಟ್ಟುಕೊಂಡು, ಡಬ್ಬಿಯ ಹಿಂದೆ ನಾನು ಕೂತೆ. "ಅಜ್ಜಿ, ಇವತ್ತು ನಾನು ಹೇಳೋದು ನಿನಗೆ ಬರಲ್ಲ."

"ನನಗೆ ಬರದೇ ಇರೋ ಕಥೇನಾ? ಅದೆಲ್ಲಿಂದ ತಂದ್ಯೇ?"

"ಬಾಯಿ ಮುಚ್ಚಿಕೊಂಡು ಕೇಳು." ಟೇಪು ಎತ್ತಿದೆ. "ಒಂದಾನೊಂದು ಕಾಲದಲ್ಲಿ, ಬೆಳಕಿಗೆ ಭಾರೀ ಅವಸರವಿತ್ತಂತೆ..."

ಮುದುಕಿ ಕಣ್ಣು ಮುಚ್ಚುವ ಜಾಗ ಬಂದಾಗ ಅಜ್ಜಿಯ ತುಟಿಯ ಕೊನೆ ಸ್ವಲ್ಪ ಅಲುಗಿತು. ನಾನು ಕೈಸನ್ನೆ ಮಾಡಿದೆ. ನಿಂತಿತು. ಆಮೇಲೆ ಅವಳು ಅಲುಗಲಿಲ್ಲ.

ಬೆಳಕಿನ ಕಾಟ ತಾಳಲಾರದೆ ಮುದುಕಿ ಬಾಗಿಲು ಹಾಕಿಕೊಂಡಳಂತೆ. ಬಾಗಿಲಲ್ಲಿ ಸೂಜಿ ತೂರುವಷ್ಟು ಒಂದೇ ತೂತು. ಬೆಳಕಿಗೆ ಬೇರೆ ದಾರಿಯಿಲ್ಲ. ನುಗ್ಗುವಂತಿಲ್ಲ, ದೂಡುವಂತಿಲ್ಲ, ಕಿರಣಗಳೆಲ್ಲ ಒಂದರ ಹಿಂದೊಂದು ಸಾಲಾಗಿ ತಲೆ ತಗ್ಗಿಸಿ ಬರಬೇಕು. ಮೇಲಿನಿಂದ ಬಂದದ್ದು ಕೆಳಕ್ಕೆ ಹೋಯಿತು, ಕೆಳಗಿನಿಂದ ಬಂದದ್ದು ಮೇಲಕ್ಕೆ. ಮೊದಲ ಬಾರಿಗೆ ಬೆಳಕು ಸದ್ದಿಲ್ಲದೆ ಒಂದು ಮನೆಯೊಳಗೆ ಬಂದು ಗೋಡೆಗೊರಗಿ ಕೂತಿತು. ಯಾರೂ ಬಂದಿಲ್ಲವೆಂದುಕೊಂಡು ಮುದುಕಿ ಕಣ್ಣು ತೆರೆದಳು. ನೋಡಿದರೆ, ಎದುರು ಗೋಡೆಯ ಮೇಲೆ ತನ್ನ ಬೀದಿ! ಇಲ್ಲಿ ತಲೆಕೆಳಗಾಗಿ ನಡೆಯುವ ಒಂದು ಕತ್ತೆಯನ್ನು ತರಬೇಕೆಂದಿದ್ದೆ. ಅಜ್ಜಿ ನಕ್ಕುಬಿಟ್ಟಾಳೆಂದು ಕತ್ತೆಯನ್ನು ಊರಾಚೆಯೇ ಬಿಟ್ಟೆ.

"ಆಗ ಬೆಳಕು ಮುದುಕಿಯ ಕಣ್ಣು ನೋಡ್ತು. ಅವು ಯಾವ ಬಣ್ಣ ಇದ್ವು ಅಂದ್ರೆ..."

ಬಣ್ಣ ಯೋಚಿಸಿರಲಿಲ್ಲ. ಅದಕ್ಕೇ ಎದುರಿಗಿದ್ದ ಕಣ್ಣುಗಳನ್ನೇ ನೋಡಿದೆ. ಹುಟ್ಟಿದಾಗಿನಿಂದ ಕಂಡ ಕಣ್ಣುಗಳು, ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ. ನಡುವೆ ಕಂದು, ಹಳೆಯ ಮರದ ಮೇಜಿನ ಕಂದು. ಅದರ ಅಂಚಿಗೆ ಸುತ್ತಲೂ ಬೂದಿಗೂ ನೀಲಿಗೂ ನಡುವಿನ ಒಂದು ಬಳೆ. ಎಡಗಣ್ಣಿನಲ್ಲಿ ಒಂದು ಚುಕ್ಕೆ. ಎರಡರಲ್ಲೂ ಹಿತ್ತಲ ಆಕಾಶದ ಒಂದೊಂದು ತುಂಡು, ಅದರ ಕೆಳಗೆ ಕಪ್ಪಗೆ ಪುಟ್ಟದಾಗಿ ನಾನು. ಅವೆಲ್ಲವನ್ನೂ ಕಥೆಯ ಮುದುಕಿಗೆ ಕೊಟ್ಟು ಹೇಳುತ್ತ ಹೋದೆ. ಅಜ್ಜಿ ಕೇಳುತ್ತ ಕೂತಿದ್ದಳು. ನಾನು ಐದು ವರ್ಷದವಳಿದ್ದಾಗ ಅವಳೆದುರು ಹೇಗೆ ಕೂರುತ್ತಿದ್ದೆನೋ ಹಾಗೆ.

ಗಡಿಯಾರ ನೆನಪಾದಾಗ ಆರೂವರೆ ನಿಮಿಷ ದಾಟಿತ್ತು. ಪಟ್ಟನೆ ಟೇಪು ಮುಚ್ಚಿದೆ.

"ಮುಗೀತಾ? ಬೆಳಕು ಏನಂತು ಆಮೇಲೆ?"

"ಬಂದು ಹೇಳ್ತೀನಿ ಅಜ್ಜಿ!"

ಡಾರ್ಕ್‌ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. "ನಾಲ್ಕಕ್ಕೆ ಆರೂವರೆ ಕೊಟ್ಯಾ? ಯಾವ ಲೋಕದಲ್ಲಿದ್ದೆ?" ಎಂದು ಬೈಯುತ್ತಲೇ ಪಕ್ಕಕ್ಕೆ ಬಂದು ನಿಂತರು. ಕೆಂಪು ದೀಪದಡಿ ಹಾಳೆಯನ್ನು ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ ಇಳಿಸಿದೆ. ನೋಡನೋಡುತ್ತ ಕಪ್ಪೇರತೊಡಗಿತು. "ಎತ್ತು. ಈಗ್ಲೇ ಎತ್ತು!" ಎತ್ತಿ ಮುಂದಿನ ಟ್ರೇಗೆ ಹಾಕಿದೆ. ನೆಗೆಟಿವ್ ಆದ್ದರಿಂದ ಎಲ್ಲ ತಿರುಗುಮುರುಗು, ಅಜ್ಜಿಯ ನರೆಗೂದಲೆಲ್ಲ ಕಡುಕಪ್ಪು. ಮುಖವೋ ಮಸಿಯೋ ಗೊತ್ತಾಗದಷ್ಟು ಗಾಢ.

"ಹೋಯ್ತಾ ಮೇಡಂ?"

"ಗಾಢವಾಗಿದೆ ಅಷ್ಟೆ. ಪ್ರಿಂಟಿಗೆ ಬೆಳಕು ಜಾಸ್ತಿ ಕೊಡು. ಆತುರ ಮಾಡ್ಬೇಡ."

ಆ ಹಾಳೆಯನ್ನು ಮೇಡಂ ಕೊಟ್ಟ ಇನ್ನೊಂದು ಹಾಳೆಯ ಮೇಲೆ ಮುಖಕ್ಕೆ ಮುಖ ಕೊಟ್ಟು ಮಲಗಿಸಿ, ಗಾಜು ಹೇರಿ, ದೀಪ ಹಾಕಿ ಎಣಿಸಿದೆ. ಮತ್ತೆ ಟ್ರೇ. ಮೊದಲು ಹಿಂಬಾಗಿಲ ಚೌಕಟ್ಟು ಬಂತು. ಆಮೇಲೆ ಕಿವಿಯ ಓಲೆ. ಆಮೇಲೆ, ನೀರಿನ ತಳದಿಂದ ಎದ್ದು ಬಂದ ಹಾಗೆ, ಎರಡು ಕಣ್ಣು.

ಸಂಜೆ ಮನೆಯಲ್ಲಿ ಅಪ್ಪ ಫೋಟೋವನ್ನು ಮೇಜಿನ ದೀಪದಡಿ ಇಟ್ಟು, ಅಂಗಡಿಯ ಭೂತಗನ್ನಡಿ ಹಿಡಿದು ಬಗ್ಗಿದ. "ಸ್ವಲ್ಪ ಮಸುಕು. ನಿನ್ನ ಡಬ್ಬಿಗೂ ಕನ್ನಡಕದ ನಂಬರ್ ಬಂದಿದೆ," ಎಂದ. ಮತ್ತೆ ಬಗ್ಗಿದ. ಬಹಳ ಹೊತ್ತು ಏಳಲಿಲ್ಲ. "ನಾನು ಶಾಲೆಯಿಂದ ಬಂದು ಏನಾದ್ರೂ ಹೇಳ್ತಾ ಇದ್ರೆ ಅಮ್ಮ ಹೀಗೇ ನೋಡೋಳು," ಎಂದ ಆಮೇಲೆ, ಭೂತಗನ್ನಡಿ ಕೆಳಗಿಡುತ್ತ. "ಎಲ್ಲಿ ನಿನ್ನ ಫಾರಂ?"

"ಮೊದಲು ನಾನು ನೋಡ್ಬೇಕು," ಎಂದಳು ಅಜ್ಜಿ. ಕನ್ನಡಕ ಎಂದಿನಂತೆ ಕಳೆದಿತ್ತು. ಮುಷ್ಟಿ ಕಣ್ಣಿಗೆ ಹಿಡಿದು, ಕಿಂಡಿ ಹಿಗ್ಗಿಸಿ ಕುಗ್ಗಿಸಿ ನೋಡಿದಳು. ಎರಡನೇ ಕರಾರು ಇನ್ನೂ ಬಾಕಿಯಿತ್ತಲ್ಲ.

"ಹೂಂ," ಎಂದಳು. "ನಾನೇ." ಕಿಂಡಿ ಇನ್ನಷ್ಟು ಕುಗ್ಗಿಸಿ, "ಇಷ್ಟು ಮುದುಕಿ ಆಗಿದೀನಾ? ಯಾರೂ ಹೇಳೇ ಇಲ್ಲ."

"ಕೂದಲು ಕಪ್ಪಗಿರೋದೂ ಒಂದಿದೆ ಅಜ್ಜಿ, ನೆಗೆಟಿವ್ ಅಂತ."

"ಅದನ್ನ ನನ್ನ ಬೀರುವಿಗೆ ಹಾಕು."

ಬೀರುವಿನಿಂದ ಚೌಕಟ್ಟು ಹೊರಬಂತು. ಅದರ ಗಾಜು ಮೂಲೆಯಲ್ಲಿ ಸೀಳಿತ್ತು. ಅಪ್ಪ ಅಂಗಡಿಯಿಂದ ಹೊಸ ಗಾಜು ತಂದು, ಕತ್ತರಿಸಿ, ಅಂಚು ಉಜ್ಜಿ, ಅಂಗಿಯ ತುದಿಯಿಂದ ಒರೆಸಿ ಕೂರಿಸಿದ. "ಗಾಜಿಲ್ಲದೆ ಮಾಡ್ತೀನಿ ಅಂದೆಯಲ್ಲ, ಕೊನೆಗೆ ನನ್ನ ಹತ್ರಾನೇ ಬಂದ್ಯಾ ಇಲ್ವಾ?" ಎಂದು ನನ್ನ ತಲೆಗೆ ಮೊಟಕಿದ. ಫಾರಮ್ಮಿಗೆ ಸಹಿ ಆ ಗಾಜಿನ ಚೂರುಗಳ ಪಕ್ಕದಲ್ಲೇ ಬಿತ್ತು.

ನಾನು ಕುರ್ಚಿ ಹತ್ತಿದೆ. ಅಮ್ಮ ಕುರ್ಚಿ ಹಿಡಿದಳು. "ಎಡಕ್ಕೆ... ಸ್ವಲ್ಪ ಮೇಲೆ... ಬಲಕ್ಕೆ ವಾಲಿದೆ ಕಣೇ," ಎಂದು ಕೆಳಗಿನಿಂದ ಮೂವರೂ ಮೂರು ದಿಕ್ಕು ಹೇಳಿದರು.

"ಬೆಳಕು ಏನಂತು, ಹೇಳ್ಲೇ ಇಲ್ವಲ್ಲ," ಎಂದಳು ಅಜ್ಜಿ.

"ಏನೂ ಅನ್ಲಿಲ್ಲ ಅಜ್ಜಿ. ಸಂಜೆ ಹೊರಡೋದು ಮರೆತು ಅಲ್ಲೇ ಕೂತುಬಿಡ್ತಂತೆ."

"ಥೂ, ನಿನ್ನ ಹಾಗೇ ಮಬ್ಬು."

ಚೌಕಟ್ಟು ಮೊಳೆಗೆ ಸಿಕ್ಕಿಕೊಂಡಿತು. ಕೈ ಬಿಟ್ಟೆ, ನಿಂತಿತು. ಅಜ್ಜಿ ಗೋಡೆಯ ಹತ್ತಿರ ಬಂದು, ತನ್ನನ್ನಲ್ಲ, ಪಕ್ಕದ ಅಜ್ಜನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಏನೂಂದ್ರೆ," ಎಂದಳು, "ಎದ್ದಿದೀನಿ."